ಎಡಗಿವಿಯೋ, ಬಲಗಿವಿಯೋ?

ನಮ್ಮ ಮನೆಯ ಬೆಕ್ಕು ಮೋತಿ ಕಳೆದ ಫೆಬ್ರವರಿಯಲ್ಲಿ ತೀರಿಕೊಂಡಿತು. ನಾನು ಆರು ವರ್ಷದವಳಿದ್ದಾಗ ಮಳೆಯಲ್ಲಿ ನೆನೆದು ನಮ್ಮ ಕಟ್ಟೆಗೆ ಬಂದ ಮರಿ ಅದು. ಹನ್ನೊಂದು ವರ್ಷ ನಮ್ಮ ಜೊತೆ ಇತ್ತು. ಮಾರನೇ ದಿನ ಪರೀಕ್ಷೆಗೆ ಬಂದಾಗ ನನ್ನ ಊದಿದ ಕಣ್ಣು ನೋಡಿ ಗೆಳತಿಯೊಬ್ಬಳು ಕಾರಣ ಕೇಳಿದಳು. ಹೇಳಿದೆ. "ಬೆಕ್ಕಿಗಾ?" ಎಂದು ನಕ್ಕಳು. ಅಂದು ನನಗೆ ಉತ್ತರ ಕೊಡಲು ಆಗಲಿಲ್ಲ. ಈಗ ಕೊಡುತ್ತಿದ್ದೇನೆ.

ಮೋತಿಯ ನೆನಪಿಗೆ ಏನಾದರೂ ಇಟ್ಟುಕೊಳ್ಳಬೇಕು ಅನ್ನಿಸಿ ಮೊದಲು ಮೊಬೈಲ್ ತೆಗೆದೆ. ಮುನ್ನೂರಕ್ಕೂ ಹೆಚ್ಚು ಫೋಟೋಗಳಿದ್ದವು. ಒಂದೊಂದಾಗಿ ನೋಡುತ್ತಾ ಹೋದಂತೆ ನಾಚಿಕೆಯಾಯಿತು. ಹೆಚ್ಚಿನವು ನನ್ನ ಸೆಲ್ಫಿಗಳು. ಮೋತಿ ಎಲ್ಲೋ ಹಿಂದೆ, ಅರ್ಧ ಮುಖ, ಇಲ್ಲವೇ ಬಾಲ ಮಾತ್ರ. ಕೆಲವದರಲ್ಲಿ ಫಿಲ್ಟರ್ ಹಾಕಿ ಅದರ ತಲೆಯ ಮೇಲೆ ಹೂವಿನ ಕಿರೀಟ ಇಟ್ಟಿದ್ದೆ. ಕೆಲವದರಲ್ಲಿ ಬಲ ಎಡ ತಿರುಗುಮುರುಗು ಆಗಿತ್ತು.

ಆಗ ಹಳೆಯ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಪೆನ್ಸಿಲ್ ಹಿಡಿದು ಕುಳಿತೆ. ನಾನು ಚಿತ್ರ ಬಿಡಿಸುವವಳಲ್ಲ. ಏಳನೇ ತರಗತಿಯ ನಂತರ ಬಿಡಿಸಿದ್ದೆಲ್ಲ ಅರ್ಥಶಾಸ್ತ್ರದ ರೇಖಾಚಿತ್ರಗಳೇ. ಆದರೂ ಮುಖದ ಗುಂಡು ಬಂತು, ಮೀಸೆ ಬಂತು. ಕಿವಿಗೆ ಬಂದಾಗ ಕೈ ನಿಂತಿತು. ಮೋತಿಯ ಒಂದು ಕಿವಿಯ ತುದಿ ಹರಿದಿತ್ತು. ಯಾವ ಕಿವಿ? ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದು ಅದು ನನಗೆ ಗೊತ್ತಿರಲಿಲ್ಲ.

ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಅಬ್ಬಾ ತಲೆ ಎತ್ತದೆ "ಎಡಗಿವಿ, ಬೇಟಾ" ಎಂದರು. ಮೋತಿ ಎಂದರೆ ಆಗದವರಂತೆ ಯಾವಾಗಲೂ ಗದರುತ್ತಿದ್ದ ಅಬ್ಬಾ. ಅಮ್ಮಿ ಅಡುಗೆಮನೆಯಿಂದ ಬಂದು ಹಣೆಯ ಬೂದು ಮಚ್ಚೆ ಇನ್ನೂ ಕೆಳಗೆ ಬರಬೇಕು ಎಂದರು. ಮಲಗಿದಾಗ ಬಲಗಾಲು ಮಾತ್ರ ಹೊರಗೆ ಚಾಚುತ್ತಿತ್ತು ಎಂದು ತಮ್ಮ ನೆಲದ ಮೇಲೆ ಮಲಗಿ ತೋರಿಸಿದ. ನಮ್ಮ ಲೆಕ್ಕಶಾಸ್ತ್ರದಲ್ಲಿ ಅಪೂರ್ಣ ದಾಖಲೆಗಳಿಂದ ಲೆಕ್ಕ ತಯಾರಿಸುವ ಪಾಠವಿದೆಯಲ್ಲ, ಹಾಗೆಯೇ ಆಯಿತು. ಬಿಟ್ಟುಹೋದ ಅಂಕಿ ಒಬ್ಬೊಬ್ಬರ ಹತ್ತಿರ ಒಂದೊಂದು ಇತ್ತು. ಮೋತಿ ಹೋದ ಮೇಲೆ ನಮ್ಮ ಮನೆಯಲ್ಲಿ ಯಾರೂ ಅದರ ಹೆಸರು ಎತ್ತಿರಲಿಲ್ಲ. ಅಂದು ಎಲ್ಲರೂ ಮಾತಾಡಿದೆವು.

ಆ ಮಾತಿನಲ್ಲಿ ನಾನು ಹೇಳಬೇಕಾದದ್ದನ್ನೂ ಹೇಳಿದೆ. ಪರೀಕ್ಷೆಯ ವಾರ ಮೋತಿ ಎರಡು ಸಲ ನನ್ನ ಪುಸ್ತಕದ ಮೇಲೆ ಬಂದು ಕುಳಿತಿತ್ತು. ಎರಡು ಸಲವೂ ತಳ್ಳಿದ್ದೆ. ಅದು ಊಟ ಬಿಟ್ಟು ಮೂರು ದಿನವಾಗಿದ್ದನ್ನು ಯಾರೂ ಗಮನಿಸಿರಲಿಲ್ಲ. ಪಶು ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ತಡವಾಗಿತ್ತು.

ಇಂದು ಫೋಟೋ ಕಳಿಸಿದರೆ ಸಾಕುಪ್ರಾಣಿಯ ಚಿತ್ರ ಬಿಡಿಸಿ ಫ್ರೇಮ್ ಹಾಕಿ ಮನೆಗೆ ಕಳಿಸುವವರಿದ್ದಾರೆ. ಕ್ಷಣದಲ್ಲಿ ತೈಲಚಿತ್ರದಂತೆ ಮಾಡಿಕೊಡುವ ಆ್ಯಪ್‌ಗಳೂ ಇವೆ. ಕಲಾವಿದರ ದುಡಿಮೆಯ ಬಗ್ಗೆ ನನ್ನ ಆಕ್ಷೇಪವಿಲ್ಲ. ಆದರೆ ಆ್ಯಪ್ ನಮ್ಮನ್ನು ಏನನ್ನೂ ಕೇಳುವುದಿಲ್ಲ. ಯಾವ ಕಿವಿ ಎಂದು ಕೇಳುವುದಿಲ್ಲ. ನನ್ನ ಚಿತ್ರದಲ್ಲಿ ಮೋತಿ ಸ್ವಲ್ಪ ಮೊಲದ ಹಾಗೆ ಕಾಣುತ್ತದೆ, ಒಪ್ಪುತ್ತೇನೆ. ಆದರೂ ಕೈಯಾರೆ ಬಿಡಿಸುವುದೇ ಮೇಲು ಎನ್ನುವುದು ನನ್ನ ಅಭಿಪ್ರಾಯ. ಬಿಡಿಸಬೇಕಾದರೆ ನೋಡಿರಬೇಕು, ನೋಡಿರದಿದ್ದರೆ ನೋಡಿದವರನ್ನು ಕೇಳಬೇಕು.

ನಮ್ಮಲ್ಲಿ ಹಲವರ ಮನಸ್ಸಿನಲ್ಲಿ ಈಗ ಒಂದು ಪ್ರಶ್ನೆ ಎದ್ದಿರುತ್ತದೆ. ದಾದಿಯೂ ಅದನ್ನೇ ಕೇಳಿದರು: ಜೀವ ಇರುವುದರ ತಸ್ವೀರ್ ಮನೆಯಲ್ಲಿ ಇಡಬಹುದೇ? ಈ ವಿಷಯದಲ್ಲಿ ಉಲಮಾಗಳೆಲ್ಲರ ಅಭಿಪ್ರಾಯ ಒಂದೇ ಇಲ್ಲ. ತೀರ್ಪು ಹೇಳುವಷ್ಟು ಓದು ನನ್ನದಲ್ಲ. ದಾದಿಯ ಮಾತನ್ನು ಹಗುರವಾಗಿ ತಳ್ಳುವ ಮನಸ್ಸೂ ನನಗಿಲ್ಲ. ಚಿತ್ರ ಗೋಡೆಗೆ ಏರಲಿಲ್ಲ, ನೋಟ್‌ಬುಕ್ಕಿನಲ್ಲೇ ಉಳಿಯಿತು. ಎರಡು ವಾರದ ನಂತರ ದಾದಿ ತಾವು ಹೊಲಿಯುತ್ತಿದ್ದ ಕೌದಿ ತೋರಿಸಿದರು. ಅದರ ಒಂದು ಮೂಲೆಯಲ್ಲಿ ಮೋತಿ ಮಲಗುತ್ತಿದ್ದ ಹಳೆಯ ಹಸಿರು ದುಪಟ್ಟಾದ ತುಂಡು ಇತ್ತು. ಕಣ್ಣಿಲ್ಲ, ಕಿವಿಯಿಲ್ಲ, ಬರೀ ಬಟ್ಟೆ. ಆದರೆ ನಮ್ಮ ಮನೆಯವರಿಗೆ ಅದು ಮೋತಿಯೇ. ನೆನಪಿನ ಕಲೆಗೆ ಚಿತ್ರವೇ ಆಗಬೇಕೆಂದಿಲ್ಲ ಎಂದು ದಾದಿ ನನಗೆ ಹೊಲಿದು ಕಲಿಸಿದರು.

ಇದು ಹೊಸ ಫ್ಯಾಷನ್ ಎಂದು ಭಾವಿಸುವವರು ನಮ್ಮ ವಿಜಯಪುರವನ್ನೇ ನೋಡಲಿ. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹಿಗೆ ಆತಶ್ ಖಾನ್ ಎಂಬ ಪ್ರೀತಿಯ ಆನೆಯಿತ್ತು. ದಖನಿಯಲ್ಲಿ ಸುಲ್ತಾನ ರಚಿಸಿದ 'ಕಿತಾಬ್-ಎ-ನೌರಸ್' ಹಾಡುಗಳಲ್ಲಿ ರಾಣಿ ಚಾಂದ್ ಸುಲ್ತಾನಾಳ ಹೆಸರಿದೆ, ಮೋತಿ ಖಾನ್ ಎಂದು ಅವನು ಕರೆಯುತ್ತಿದ್ದ ತಂಬೂರಿಯ ಹೆಸರಿದೆ, ಜೊತೆಗೆ ಈ ಆನೆಯ ಹೆಸರೂ ಇದೆ. ಆಸ್ಥಾನದ ಚಿತ್ರಕಾರರು ಆ ಆನೆಯನ್ನು ಕಾಗದದ ಮೇಲೂ ಮೂಡಿಸಿದರು. ಅದೇ ಸುಲ್ತಾನನ ಸಮಾಧಿಯಿರುವ ಇಬ್ರಾಹಿಂ ರೋಜಾಕ್ಕೆ ಹೋದರೆ ಗೋಡೆಗಳ ಮೇಲೆ ಕಾಣುವುದು ಅಕ್ಷರ, ಬಳ್ಳಿ, ಜಾಲರಿ. ಆನೆ ಪುಸ್ತಕದಲ್ಲಿ, ಅಕ್ಷರ ಗೋಡೆಯಲ್ಲಿ. ಯಾವುದಕ್ಕೆ ಎಲ್ಲಿ ಜಾಗ ಎಂದು ನಮ್ಮ ಹಿರಿಯರೂ ಯೋಚಿಸಿದ್ದರೇನೋ.

ಅದಕ್ಕೂ ಆರು ಶತಮಾನ ಮೊದಲು, ಸುಮಾರು 950ರಲ್ಲಿ, ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಒಂದು ನಾಯಿಗೆ ಕಲ್ಲು ನಿಲ್ಲಿಸಿದರು. ಯುದ್ಧದಲ್ಲಿ ಮೆಚ್ಚುಗೆ ಗಳಿಸಿದ ಮಣಲೇರನಿಗೆ ಗಂಗರ ದೊರೆ ಬೂತುಗ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿತು. ಎರಡೂ ಸತ್ತವು. ಆ ಕಾದಾಟವನ್ನು ಕಲ್ಲಿನಲ್ಲಿ ಕೆತ್ತಿ, ಕನ್ನಡದಲ್ಲಿ ಕಥೆ ಬರೆಸಿ, ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಂದಿನ ಜನ "ನಾಯಿಗಾ?" ಎಂದು ನಕ್ಕು ಸುಮ್ಮನಾಗಿದ್ದರೆ ಕಾಳಿಯ ಹೆಸರು ನಮಗೆ ತಿಳಿಯುತ್ತಿರಲಿಲ್ಲ.

ಇನ್ನೊಂದು ಮಾತು. ಬಕ್ರೀದ್‌ಗೆ ಮೊದಲೇ ಮನೆಗೆ ತಂದು ಸಾಕುವ ಮರಿಯ ವಿಷಯ ನಮ್ಮೆಲ್ಲರಿಗೂ ಗೊತ್ತು. ತಮ್ಮ ಪ್ರತಿ ವರ್ಷ ಅದಕ್ಕೆ ಹೆಸರಿಡುತ್ತಾನೆ, ಪ್ರತಿ ವರ್ಷ ಅಳುತ್ತಾನೆ. "ಗಂಡು ಹುಡುಗ ಅಳಬಾರದು" ಎಂದು ನಾವೇ ಬಾಯಿ ಮುಚ್ಚಿಸುತ್ತೇವೆ. ಪ್ರಿಯವಾದದ್ದನ್ನು ಕೊಡುವುದೇ ಕುರ್ಬಾನಿ ಎಂದು ಕಲಿತ ಮೇಲೆ, ಅದು ಪ್ರಿಯವಾಗಿತ್ತು ಎಂದು ಹೇಳುವ ಕಣ್ಣೀರನ್ನು ತಡೆಯುವುದೇಕೆ? ಈ ಸಲ ಅವನಿಗೂ ಒಂದು ನೋಟ್‌ಬುಕ್ ಕೊಟ್ಟಿದ್ದೇನೆ.

ಗೆಳತಿಗೆ ನನ್ನ ಉತ್ತರ ಇಷ್ಟೇ. ಹೌದು, ಬೆಕ್ಕಿಗೇ. ಬೆಕ್ಕಿನ ಮರಿಯ ಮೇಲಿನ ಪ್ರೀತಿಯಿಂದ ಹಜರತ್ ಅಬೂ ಹುರೈರಾ ಅವರಿಗೆ ಆ ಹೆಸರೇ ನಿಂತಿತು, ನಾನಂತೂ ಅತ್ತದ್ದು ಒಂದು ರಾತ್ರಿ. ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೆಡವಿದ ಹೆಣ್ಣಿನ ಹದೀಸನ್ನು ನಾವೆಲ್ಲ ಕೇಳಿ ಬೆಳೆದವರು. ಈಗ ಅದನ್ನು ಕೇಳಿದಾಗಲೆಲ್ಲ ಮೋತಿ ಉಣ್ಣದ ಆ ಮೂರು ದಿನ ನೆನಪಾಗುತ್ತವೆ.

ಸಂಪಾದಕರಲ್ಲಿ ಒಂದು ಕೋರಿಕೆ. ಮುಂದಿನ ಸಂಚಿಕೆಯಲ್ಲಿ ವಿದ್ಯಾರ್ಥಿಗಳ ಮನೆಯ ಬೆಕ್ಕು, ಕೋಳಿ, ಮೇಕೆ, ಗಿಳಿಗಳಿಗೆ ಒಂದು ಪುಟ ಕೊಡಿ. ಚಿತ್ರ ಬೇಡವೆನ್ನುವವರು ನಾಲ್ಕು ಸಾಲು ಬರೆಯಲಿ. ಓದುಗರಲ್ಲಿಯೂ ಒಂದು ಕೋರಿಕೆ: ನನ್ನ ಹಾಗೆ ಕಾಯಬೇಡಿ, ಅದು ಬದುಕಿರುವಾಗಲೇ ಬಿಡಿಸಿ. ಇವತ್ತು ಮನೆಗೆ ಹೋದ ಮೇಲೆ ಐದು ನಿಮಿಷ ಅದರ ಎದುರು ಕುಳಿತು ನೋಡಿ. ಅದು ಊಟ ಮಾಡಿದೆಯೋ ಇಲ್ಲವೋ ಎನ್ನುವುದೂ ಆಗ ತಿಳಿಯುತ್ತದೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ