ಜಾಸ್ ಸಂಗೀತವೂ ನಮ್ಮ ಹೆಣ್ಣುಮಕ್ಕಳೂ

ಕಳೆದ ಮಳೆಗಾಲದಲ್ಲಿ ಪೋಷಕರೊಬ್ಬರು ನಮಗೊಂದು ಕಾಗದವನ್ನು ಬರೆದರು. ಶನಿವಾರದ ಮಧ್ಯಾಹ್ನಗಳಲ್ಲಿ ಮೇಲಿನ ತರಗತಿಯ ಹುಡುಗಿಯರಿಗೆ ನಾವು ಅಮೇರಿಕದ ಜಾಸ್ ಸಂಗೀತದ ಹಳೆಯ ಧ್ವನಿಮುದ್ರಣಗಳನ್ನು ಕೇಳಿಸುತ್ತಿರುವ ಸಂಗತಿಯು ಅವರ ಕಿವಿಗೆ ಬಿದ್ದಿತ್ತು. ಹೆಂಡದಂಗಡಿಯಲ್ಲಿಯೂ ಕುಣಿತದ ಮನೆಗಳಲ್ಲಿಯೂ ಬೆಳೆದ ಸಂಗೀತಕ್ಕೆ ಮಿಶನ್ ಶಾಲೆಯ ಹಾಲಿನಲ್ಲಿ ಸ್ಥಳವುಂಟೇ ಎಂಬುದು ಅವರ ಪ್ರಶ್ನೆ. ಕಾಗದವು ಮರ್ಯಾದೆಯುಳ್ಳದ್ದಾಗಿತ್ತು. ಇದೇ ಸಂದೇಹವು ಇನ್ನೂ ಕೆಲವರಿಗೆ ಇದ್ದೀತೆಂದು ನಮ್ಮ ಉತ್ತರವನ್ನು ಈ ಸಂಚಿಕೆಯಲ್ಲಿಯೇ ಕೊಡುತ್ತೇವೆ.

ಅವರು ಬರೆದುದರಲ್ಲಿ ಸುಳ್ಳಿಲ್ಲ. ಆದರೆ ಅದು ಅರ್ಧ ಮಾತು. ಮಿಕ್ಕ ಅರ್ಧವನ್ನು ತಿಳಿಯಬೇಕಾದರೆ ಒಂದೇ ಒಂದು ಪ್ಲೇಟನ್ನು ಕೇಳಿದರೆ ಸಾಕು. 1925ನೆಯ ಇಸವಿ ಜನವರಿ 14ರಂದು ನ್ಯೂಯಾರ್ಕಿನಲ್ಲಿ ಬೆಸಿ ಸ್ಮಿತ್ ಎಂಬ ಕರಿಯ ಜನಾಂಗದ ಗಾಯಕಿಯು 'ಸೇಂಟ್ ಲೂಯಿಸ್ ಬ್ಲೂಸ್' ಎಂಬ ಹಾಡನ್ನು ಹಾಡಿದರು. ಆಗಿನ್ನೂ ಅವರಿಗೆ ಮೈಕು ಇರಲಿಲ್ಲ. ಒಂದು ದೊಡ್ಡ ಕೊಳವೆಯ ಮುಂದೆ ನಿಂತು ಹಾಡಬೇಕು, ಆ ಧ್ವನಿಯ ಬಲದಿಂದಲೇ ಸೂಜಿಯು ಮೇಣದ ಮೇಲೆ ಗೆರೆ ಕೊರೆಯಬೇಕು. ಹಿಮ್ಮೇಳಕ್ಕೆ ಇದ್ದವರು ಇಬ್ಬರೇ. ಒಬ್ಬರು ಲೂಯಿ ಆರ್ಮ್‌ಸ್ಟ್ರಾಂಗ್. ಆಕೆ ಒಂದು ಸಾಲನ್ನು ಹಾಡಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅವರ ಕಾರ್ನೆಟ್ ತುತ್ತೂರಿಯು ಮೆಲ್ಲನೆ ಅದಕ್ಕೆ ಉತ್ತರ ಕೊಡುತ್ತದೆ. ಇನ್ನೊಬ್ಬರು ಫ್ರೆಡ್ ಲಾಂಗ್‌ಶಾ. ಅವರು ಬಾರಿಸುತ್ತಿರುವುದು ಯಾವ ವಾದ್ಯವೆಂದು ನಮ್ಮ ಹುಡುಗಿಯರು ಮೊದಲನೆಯ ದಿನವೇ ಗುರುತಿಸಿ ನಕ್ಕರು: ಹಾರ್ಮೋನಿಯಂ! ಬೆಳಗಿನ ಪ್ರಾರ್ಥನೆಗೆ ನಾವು ತಿದಿಯೊತ್ತುವ ಅದೇ ಬಗೆಯ ವಾದ್ಯ.

ಗಂಡನು ಕೈಬಿಟ್ಟು ಹೋದ ಹೆಂಗಸಿನ ದುಃಖವು ಆ ಹಾಡಿನ ವಿಷಯ. ಇದು ಹುಡುಗಿಯರಿಗೆ ತಕ್ಕುದಲ್ಲವೆನ್ನುವವರಿಗೆ ನಾವು ಹೇಳತಕ್ಕದ್ದು ಇಷ್ಟೆ. ಆ ದುಃಖವನ್ನು ತಮ್ಮ ಮನೆಯಲ್ಲಿಯೇ ಕಂಡ ಮಕ್ಕಳು ನಮ್ಮ ಬೆಂಚುಗಳ ಮೇಲೆ ಕುಳಿತಿದ್ದಾರೆ. ಅದನ್ನು ತಲೆಯೆತ್ತಿ ಹಾಡಿದ ಒಬ್ಬ ಹೆಂಗಸಿನ ಕಂಠವನ್ನು ಅವರು ಕೇಳಿದರೆ ಕೆಡುವುದೇನೂ ಇಲ್ಲ. ನಿಜವಾಗಿ ಹೊಲಸು ಮಾತುಗಳುಳ್ಳ ಹಾಡುಗಳೂ ಉಂಟು. ಅವನ್ನು ನಾವು ಆರಿಸುವುದಿಲ್ಲ.

ಆ ಹಾಡನ್ನು 1914ರಲ್ಲಿ ಪ್ರಕಟಿಸಿದ ಡಬ್ಲ್ಯೂ. ಸಿ. ಹ್ಯಾಂಡಿಯವರು ಸಭಾಪಾಲಕರ ಮಗ. ಹುಡುಗನಾಗಿದ್ದಾಗ ಕಷ್ಟಪಟ್ಟು ಕೂಡಿಸಿದ ಹಣದಿಂದ ಗಿಟಾರೊಂದನ್ನು ಕೊಂಡು ಮನೆಗೆ ತಂದರೆ, ತಂದೆಯು ಅದನ್ನು ಪಾಪದ ವಸ್ತುವೆಂದು ಅಂಗಡಿಗೆ ಹಿಂದಿರುಗಿಸಿ ಬದಲಿಗೆ ನಿಘಂಟನ್ನು ತರಿಸಿದರಂತೆ. ಆ ತಂದೆಯನ್ನು ಹಾಸ್ಯಮಾಡುವ ಹಕ್ಕು ನಮಗಿಲ್ಲ. ಇಪ್ಪತ್ತು ವರ್ಷಗಳ ಹಿಂದೆ, ನಾವು ಟ್ರೈನಿಂಗ್ ಮುಗಿಸಿ ಬಂದ ಹೊಸದರಲ್ಲಿ, ಹುಡುಗಿಯೊಬ್ಬಳು ಪ್ರಾರ್ಥನೆಯ ಹೊತ್ತಿಗೆ ಕೀರ್ತನೆಯ ತಾಳವನ್ನು ಸ್ವಲ್ಪ ಓಲಾಡಿಸಿ ಬಾರಿಸಿದಳೆಂದು ಆಕೆಯನ್ನು ಎಲ್ಲರೆದುರಿಗೆ ಎಬ್ಬಿಸಿ, ಆ ಅವಧಿಯೆಲ್ಲ ಹಾರ್ಮೋನಿಯಂ ಮುಟ್ಟಗೊಡಲಿಲ್ಲ. ಅವಧಿ ಮುಗಿದ ಮೇಲೆ ಕರೆದೆವು. ಅವಳು ಬರಲಿಲ್ಲ, ಶಾಲೆ ಬಿಡುವ ತನಕ ಮತ್ತೆ ಬಾರಿಸಲೇ ಇಲ್ಲ.

ಲಿಲ್ ಹಾರ್ಡಿನ್ ಎಂಬವರ ಚರಿತ್ರೆಯನ್ನು ಓದಿದ ದಿನ ನಮಗೆ ಆ ಹುಡುಗಿಯ ನೆನಪು ಬಂದಿತು. 1898ರಲ್ಲಿ ಮೆಂಫಿಸ್ ಪಟ್ಟಣದಲ್ಲಿ ಹುಟ್ಟಿದ ಈಕೆ ಚಿಕ್ಕಂದಿನಲ್ಲಿ ಸಂಡೇಸ್ಕೂಲಿಗೆ ಆರ್ಗನ್ ಬಾರಿಸುತ್ತಿದ್ದರು. ಕೀರ್ತನೆಗೂ ಕುಣಿಯುವ ತಾಳವನ್ನು ಕೊಡುತ್ತಿದ್ದರಾಗಿ ಸಭಾಪಾಲಕರು ಕನ್ನಡಕದ ಮೇಲಿಂದ ದಿಟ್ಟಿಸಿ ನೋಡುತ್ತಿದ್ದರೆಂದು ಆಕೆಯೇ ಮುಂದೆ ಹೇಳಿದ್ದುಂಟು. ತಾಯಿಗಂತೂ ಬ್ಲೂಸ್ ಎಂದರೆ ಆಗದು. ಮಗಳನ್ನು ಫಿಸ್ಕ್ ವಿದ್ಯಾಲಯಕ್ಕೆ ಕಳುಹಿಸಿದರು; ಅದು ಬಿಡುಗಡೆ ಹೊಂದಿದ ಗುಲಾಮರ ವಿದ್ಯಾಭ್ಯಾಸಕ್ಕಾಗಿ 1866ರಲ್ಲಿ ಮಿಶನ್ ಸಂಘವೊಂದರಿಂದ ನಡೆಸಲ್ಪಟ್ಟು, 1871ರಿಂದ ವಿದ್ಯಾರ್ಥಿಗಳೇ ಊರೂರು ತಿರುಗಿ ಹಾಡಿ ತಂದ ಹಣದಿಂದ ಉಳಿದುಕೊಂಡ ವಿದ್ಯಾಲಯ. ಲಿಲ್ ಚಿಕಾಗೊ ಸೇರಿ, ಕಿಂಗ್ ಆಲಿವರರ ಮೇಳದಲ್ಲಿ ಪಿಯಾನೋ ಬಾರಿಸಿದರು. 1923ರಲ್ಲಿ ಆ ಮೇಳವು ಮೊದಲ ಪ್ಲೇಟುಗಳನ್ನು ಮಾಡಿದಾಗ, ಎರಡನೆಯ ಕಾರ್ನೆಟ್ ಊದುತ್ತಿದ್ದ ತರುಣನ ಧ್ವನಿಯು ಮಿಕ್ಕವರನ್ನು ಮುಚ್ಚಿಬಿಡುತ್ತದೆಂದು ಅವನನ್ನು ಕೊಳವೆಯಿಂದ ಬಹುದೂರ ನಿಲ್ಲಿಸಿದರಂತೆ. ಆ ತರುಣನೇ ಲೂಯಿ ಆರ್ಮ್‌ಸ್ಟ್ರಾಂಗ್. ಮರುವರ್ಷ ಲಿಲ್ ಅವರನ್ನು ಮದುವೆಯಾಗಿ, ಇನ್ನೊಬ್ಬರ ಹಿಂದೆ ಎರಡನೆಯವನಾಗಿ ನಿಲ್ಲಬೇಡವೆಂದು ಒತ್ತಾಯಪಡಿಸಿ ಆ ಮೇಳವನ್ನು ಬಿಡಿಸಿದರು. 1925ರಿಂದ 'ಹಾಟ್ ಫೈವ್' ಎಂಬ ಹೆಸರಿನಲ್ಲಿ ಬಂದ ಪ್ರಸಿದ್ಧ ಪ್ಲೇಟುಗಳಲ್ಲಿ ಪಿಯಾನೋ ಈಕೆಯದು. ಅನೇಕ ರಚನೆಗಳೂ ಈಕೆಯವು. ಲೋಕಕ್ಕೆ ಗಂಡನ ಹೆಸರು ತಿಳಿದಿದೆ. ಹೆಂಡತಿಯ ಹೆಸರನ್ನು ನಮ್ಮ ಹುಡುಗಿಯರಾದರೂ ತಿಳಿಯಲಿ ಎಂದು ನಾವು ಅದನ್ನು ಕಪ್ಪುಹಲಗೆಯ ಮೇಲೆ ಬರೆದೆವು. ಅವರ ವಿವಾಹವು 1938ರಲ್ಲಿ ಮುರಿಯಿತು. ಲೂಯಿ 1971ರ ಜುಲೈಯಲ್ಲಿ ತೀರಿಕೊಂಡರು. ಮುಂದಿನ ತಿಂಗಳು ಚಿಕಾಗೊದಲ್ಲಿ ಅವರ ಸ್ಮಾರಕ ಕಚೇರಿ ನಡೆಯಿತು. ಅಲ್ಲಿ 'ಸೇಂಟ್ ಲೂಯಿಸ್ ಬ್ಲೂಸ್' ಬಾರಿಸುತ್ತಿರುವಾಗಲೇ ಲಿಲ್ ಪಿಯಾನೋದ ಬಳಿಯಲ್ಲಿ ಕುಸಿದು ಪ್ರಾಣಬಿಟ್ಟರು.

ಬೆಸಿ ಸ್ಮಿತ್ 1937ರಲ್ಲಿ ಮೋಟಾರು ಅಪಘಾತದಿಂದ ತೀರಿಹೋದವರು. ಅವರ ಸಮಾಧಿಗೆ 1970ರ ತನಕ ಹೆಸರಿನ ಕಲ್ಲೂ ಇರಲಿಲ್ಲ. ಕಡೆಗೆ ಹಣ ಕೊಟ್ಟವರು ಇಬ್ಬರು: ಗಾಯಕಿ ಜ್ಯಾನಿಸ್ ಜಾಪ್ಲಿನ್, ಮತ್ತು ಚಿಕ್ಕವಳಾಗಿದ್ದಾಗ ಬೆಸಿಯವರ ಮನೆಯಲ್ಲಿ ನೆಲ ಒರಸುತ್ತಿದ್ದ ಜುವಾನಿಟಾ ಗ್ರೀನ್.

ಇದನ್ನೆಲ್ಲ ಹುಡುಗಿಯರು ತಮ್ಮಷ್ಟಕ್ಕೆ ಮೊಬೈಲಿನಲ್ಲಿ ಕೇಳಿಕೊಳ್ಳಲಿ, ಶಾಲೆಗೇಕೆ ಈ ಕೆಲಸವೆಂದು ಕೆಲವರು ಕೇಳುವರು. ಒಬ್ಬೊಬ್ಬರೇ ಕಿವಿಗೆ ಸಿಕ್ಕಿಸಿಕೊಂಡು ಕೇಳಿದಾಗ ಹಾಡು ಉಳಿಯುತ್ತದೆ, ಹಾಡಿದವರು ಯಾರೆಂಬುದು ಹೋಗುತ್ತದೆ. ಇದು ನಮ್ಮ ಅನುಭವ. ಆದಕಾರಣ ನಾವು ಒಂದು ಮಧ್ಯಾಹ್ನಕ್ಕೆ ಮೂರು ಹಾಡುಗಳಿಗಿಂತ ಹೆಚ್ಚು ಕೇಳಿಸುವುದಿಲ್ಲ. ಮೊದಲು ಮೌನವಾಗಿ ಕೇಳುವುದು. ಅನಂತರ ಯಾರು ಯಾವ ವಾದ್ಯವೆಂದು ಮಕ್ಕಳೇ ಹೇಳುವುದು. ತಿರುಗಿ ಮತ್ತೊಮ್ಮೆ ಕೇಳುವುದು. ಎರಡನೆಯ ಸಲಕ್ಕೆ ಅವರ ಮುಖಗಳನ್ನು ನೋಡಬೇಕು!

ಕಾಗದ ಬರೆದ ಮಹಾಶಯರು ಬೇಡವೆಂದರೆ ಅವರ ಮಗಳನ್ನು ಆ ಹೊತ್ತಿಗೆ ಪುಸ್ತಕಶಾಲೆಯಲ್ಲಿ ಕುಳ್ಳಿರಿಸುವೆವು. ಶಾಲೆಗಿಂತ ಮೊದಲು ತಂದೆಯ ಹಕ್ಕು. ಆದರೆ ಶನಿವಾರದ ಕೂಟವನ್ನು ನಿಲ್ಲಿಸುವುದಿಲ್ಲ. ಅವರೇ ಒಂದು ದಿನ ಮೂರು ಗಂಟೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಬೇಕೆಂದು ನಮ್ಮ ಬಿನ್ನಹ. ಹಳೆಯ ವಿದ್ಯಾರ್ಥಿನಿಯರ ಮನೆಗಳ ಅಟ್ಟದಲ್ಲಿ ಅಜ್ಜಂದಿರ ಕಾಲದ ಪ್ಲೇಟುಗಳಿದ್ದರೆ, ಅವು ಯಾವ ಸಂಗೀತದವಾದರೂ ಸರಿಯೆ, ಗುಜರಿಗೆ ಹಾಕದೆ ನಮಗೆ ಕಳುಹಿಸಿರಿ. ಮತ್ತು ಇಪ್ಪತ್ತು ವರ್ಷಗಳ ಹಿಂದಿನ ಆ ಹುಡುಗಿಯು ಈ ಪುಟವನ್ನು ಓದುವುದಾದರೆ, ಹಾರ್ಮೋನಿಯಂ ಅದೇ ಸ್ಥಳದಲ್ಲಿಯೇ ಇದೆ. ತಿದಿಯನ್ನು ಹೋದ ವರ್ಷ ಹೊಸದಾಗಿ ಹೊಲಿಸಿದ್ದೇವೆ.