ಠಾಣೆ ಬರೆದುಕೊಳ್ಳದ ದೂರು

ಹೆಂಡತಿಯ ಮೇಲೆ ಕೈಮಾಡುವುದು ಗಂಡನ ಅಪರಾಧ. ಪೆಟ್ಟು ತಿಂದವಳು ಠಾಣೆಯ ಮೆಟ್ಟಿಲು ಹತ್ತಿದಾಗ ದೂರು ಬರೆದುಕೊಳ್ಳದೆ, ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ಮನೆಗೆ ಹೋಗಮ್ಮ’ ಎಂದು ವಾಪಸು ಕಳಿಸುವುದು ಯಾರ ಅಪರಾಧ? ಮೊದಲನೆಯದರ ಬಗ್ಗೆ ನಮ್ಮ ಸಂಘಗಳಲ್ಲಿ ಸಾಕಷ್ಟು ಮಾತಾಡಿದ್ದೇವೆ, ಹಾಡು ಕಟ್ಟಿದ್ದೇವೆ, ಬೀದಿ ನಾಟಕ ಆಡಿದ್ದೇವೆ. ಎರಡನೆಯದು ಸರ್ಕಾರದ ಅಪರಾಧ. ಅದನ್ನು ಕೇಳುವುದಕ್ಕೆ ಸರ್ಕಾರಕ್ಕಿಂತ ಮೇಲೆ ಒಂದು ಜಾಗ ಬೇಕು. ಜಗತ್ತಿನ ಬೇರೆ ಕೆಲವು ಭಾಗಗಳ ಹೆಂಗಸರಿಗೆ ಅಂಥ ಜಾಗ ಇದೆ. ದಕ್ಷಿಣ ಏಷ್ಯಾದ ನಮಗೆ ಇಲ್ಲ. ಈ ಸಲ ಅದರ ಬಗ್ಗೆಯೇ ಬರೆಯುತ್ತಿದ್ದೇನೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಮದುವೆ ಮಾತುಕತೆ ಹೇಗೆ ನಡೆಯುತ್ತದೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ತೋಟ ಎಷ್ಟು ಎಕರೆ, ಫಸಲಿಗೆ ಬಂದ ಮರ ಎಷ್ಟು, ಅಟ್ಟದ ಮೇಲೆ ಕಾಯಿ ಎಷ್ಟಿದೆ ಎಂಬಲ್ಲಿಂದ ಶುರುವಾಗಿ ಚಿನ್ನ, ಬೈಕು, ಕಾರು, ಛತ್ರದ ಬಾಡಿಗೆಗೆ ಬಂದು ನಿಲ್ಲುತ್ತದೆ. ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತು ಕೊಬ್ಬರಿಯಾಗಬೇಕು. ಅಷ್ಟರಲ್ಲಿ ಬೆಲೆ ಕುಸಿದರೆ ಹೆಣ್ಣಿನ ಅಪ್ಪ ಒಪ್ಪಿಕೊಂಡ ಬಾಕಿ ನಿಂತುಹೋಗುತ್ತದೆ. ಆ ಬಾಕಿಯ ಬಡ್ಡಿಯನ್ನು ಮಗಳು ಮೈಮೇಲೆ ತೀರಿಸುತ್ತಾಳೆ.

ಕಾನೂನಿಗೆ ಬರವಿಲ್ಲ. 1961ರಿಂದ ವರದಕ್ಷಿಣೆ ನಿಷೇಧ ಕಾಯ್ದೆ ಇದೆ. 1983ರಲ್ಲಿ 498ಎ, 1986ರಲ್ಲಿ 304ಬಿ ಬಂದವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವೇ 85, 86 ಮತ್ತು 80ನೇ ಕಲಮುಗಳಾಗಿವೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಂತೂ ಚಳವಳಿಯ ಹೆಂಗಸರು ಕೇಳಿ ಕೇಳಿ ಪಡೆದದ್ದು. ಬಂಧಿಸಬಹುದಾದ ಇಂಥ ಅಪರಾಧದ ದೂರು ಬಂದರೆ ಎಫ್‌.ಐ.ಆರ್‌. ಬರೆದುಕೊಳ್ಳಲೇಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿದೆ. ಆದರೂ ‘ಹಿರಿಯರನ್ನು ಕರೆಸಿ ರಾಜಿ ಮಾಡಿಕೊಳ್ಳಿ’ ಎಂಬ ಮಾತು ನಿಂತಿಲ್ಲ. ಹೆಂಗಸು ಸತ್ತ ಮೇಲೂ ಅಷ್ಟೆ. ‘ಸ್ಟೌ ಸಿಡಿಯಿತು’, ‘ಹೊಟ್ಟೆನೋವು ತಾಳಲಾರದೆ ಬಾವಿಗೆ ಬಿದ್ದಳು’ ಎಂದು ಬರೆದು ಅಸಹಜ ಸಾವಿನ ಕಡತವನ್ನು ಮುಚ್ಚಿಬಿಡುವುದುಂಟು. ವಿಮೋಚನಾ ಸಂಘಟನೆಯ ಗೆಳತಿಯರು 1990ರ ದಶಕದಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ ಕೂತು ಕೇಳಿದ ಪ್ರಶ್ನೆಯೂ ಇದೇ: ಮದುವೆಯಾದ ಇಷ್ಟು ಹೆಣ್ಣುಮಕ್ಕಳ ಸ್ಟೌಗಳೇ ಏಕೆ ಸಿಡಿಯುತ್ತವೆ?

ಹಾಗಾದರೆ ಠಾಣೆಯ ಮೇಲೆ ಯಾರಿಗೆ ಹೇಳುವುದು? ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ ಬಂದದ್ದು 1993ರಲ್ಲಿ. ನಮ್ಮ ರಾಜ್ಯದ ಮಾನವ ಹಕ್ಕುಗಳ ಆಯೋಗ ಕೆಲಸ ಶುರುಮಾಡಿದ್ದು 2007ರಲ್ಲಿ. ಹದಿನಾಲ್ಕು ವರ್ಷ ಹಿಡಿಯಿತು! ಈ ಆಯೋಗ ಗಂಡನನ್ನು ವಿಚಾರಿಸುವುದಿಲ್ಲ. ಸರ್ಕಾರಿ ನೌಕರ ಹಕ್ಕನ್ನು ಉಲ್ಲಂಘಿಸಿದರೆ, ಅಥವಾ ಉಲ್ಲಂಘನೆ ತಡೆಯುವುದರಲ್ಲಿ ನಿರ್ಲಕ್ಷ್ಯ ತೋರಿದರೆ, ಅದನ್ನು ವಿಚಾರಿಸುತ್ತದೆ. ಎಂದರೆ ದೂರು ಬರೆದುಕೊಳ್ಳದ ಠಾಣೆಯ ಮೇಲೆ ಅಲ್ಲಿಗೆ ಹೋಗಬಹುದು. ಘಟನೆ ನಡೆದು ಒಂದು ವರ್ಷ ಕಳೆದರೆ ಹೋಗುವಂತಿಲ್ಲ. ಈ ಒಂದು ವರ್ಷದ ಗಡುವನ್ನು ದಯವಿಟ್ಟು ನೆನಪಿಡಿ. ‘ಹಬ್ಬ ಕಳೀಲಿ, ನಾದಿನಿ ಮದುವೆ ಆಗಲಿ’ ಎನ್ನುತ್ತಾ ಎಷ್ಟೋ ಜನ ಅದನ್ನು ಕಳೆದುಕೊಂಡಿದ್ದಾರೆ.

ಆದರೆ ಆಯೋಗ ಕೊನೆಗೆ ಮಾಡುವುದು ಶಿಫಾರಸು. ಅದರ ಅಧ್ಯಕ್ಷರನ್ನೂ ಸದಸ್ಯರನ್ನೂ ಆರಿಸುವ ಸಮಿತಿಗೆ ಮುಖ್ಯಮಂತ್ರಿಯೇ ಮುಖ್ಯಸ್ಥರು. ಸರ್ಕಾರದ ಮೇಲಿನ ದೂರನ್ನು ಸರ್ಕಾರವೇ ಆರಿಸಿದವರು ಕೇಳಬೇಕು. ಆಯೋಗ ಬೇಡವೆಂದು ನಾನು ಹೇಳುತ್ತಿಲ್ಲ. ಅದನ್ನು ಬಳಸಬೇಕು, ಚೆನ್ನಾಗಿಯೇ ಬಳಸಬೇಕು. ಅಲ್ಲಿಗೂ ದಾರಿ ಮುಗಿಯಬಾರದು ಎನ್ನುತ್ತಿದ್ದೇನೆ.

ದಾರಿ ಮುಗಿಯದ ಕಡೆ ಏನಾಯಿತು ನೋಡಿ. ಬ್ರೆಜಿಲ್ ದೇಶದ ಮರಿಯಾ ದ ಪೆನ್ಯಾ ಎಂಬಾಕೆ 1983ರಲ್ಲಿ ಮಲಗಿದ್ದಾಗ ಗಂಡ ಗುಂಡು ಹಾರಿಸಿದ. ‘ಕಳ್ಳರು ಬಂದಿದ್ದರು’ ಎಂದ. ನಮ್ಮ ಸ್ಟೌ ಕಥೆಯ ಹಾಗೆಯೇ. ಆಕೆಯ ಸೊಂಟದ ಕೆಳಗಿನ ಭಾಗ ಸ್ವಾಧೀನ ತಪ್ಪಿತು. ಆಸ್ಪತ್ರೆಯಿಂದ ಬಂದ ಮೇಲೆ ಸ್ನಾನದ ಮನೆಯಲ್ಲಿ ಕರೆಂಟು ಕೊಟ್ಟು ಕೊಲ್ಲಲು ನೋಡಿದ. ಅಲ್ಲಿಯ ಕೋರ್ಟುಗಳು ಹದಿನೈದು ವರ್ಷ ವಾಯಿದೆ ಹಾಕಿದವು. 1998ರಲ್ಲಿ ಆಕೆ ಎರಡು ಸಂಘಟನೆಗಳ ಜೊತೆ ಸೇರಿ ಅಮೆರಿಕ ಖಂಡದ ದೇಶಗಳಿಗೆಲ್ಲ ಸೇರಿದ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟಳು. ದೂರು ಗಂಡನ ಮೇಲಲ್ಲ, ಬ್ರೆಜಿಲ್ ಸರ್ಕಾರದ ಮೇಲೆ. ಸರ್ಕಾರ ಉತ್ತರವನ್ನೇ ಕೊಡಲಿಲ್ಲ. 2001ರಲ್ಲಿ ಆಯೋಗ ಹೇಳಿತು: ಇದು ಒಬ್ಬ ಗಂಡನ ವಿಷಯವಲ್ಲ, ಹೆಂಗಸರ ಮೇಲಿನ ಹಿಂಸೆಯನ್ನು ಸಹಿಸಿಕೊಂಡು ಬಂದ ಸರ್ಕಾರದ ವಿಷಯ. 2002ರಲ್ಲಿ ಗಂಡ ಜೈಲಿಗೆ ಹೋದ. 2006ರಲ್ಲಿ ಕೌಟುಂಬಿಕ ಹಿಂಸೆಯ ವಿರುದ್ಧ ಕಾನೂನು ಬಂತು. ಅದನ್ನು ಜನ ಕರೆಯುವುದೇ ಆಕೆಯ ಹೆಸರಿನಿಂದ. ಆ ಆಯೋಗ ಕೊಟ್ಟದ್ದೂ ಶಿಫಾರಸೇ ಎಂಬುದನ್ನು ಗಮನಿಸಿ. ಅದನ್ನು ಹಿಡಿದು ಅಲ್ಲಿಯ ಮಹಿಳಾ ಸಂಘಟನೆಗಳು ಸರ್ಕಾರದ ಬೆನ್ನು ಬಿಡಲಿಲ್ಲ, ಅಷ್ಟೆ.

ಟರ್ಕಿಯ ನಹಿದೆ ಒಪುಜ್ ಎಂಬಾಕೆಯ ಕಥೆ ನಮಗೆ ಇನ್ನೂ ಹತ್ತಿರದ್ದು. ತಾಯಿ ಮಗಳು ಇಬ್ಬರೂ ಅಳಿಯನ ಮೇಲೆ ಮತ್ತೆ ಮತ್ತೆ ದೂರು ಕೊಟ್ಟರು, ಬೆದರಿಕೆಗೆ ಹೆದರಿ ವಾಪಸು ಪಡೆದರು. ವಾಪಸು ಪಡೆದರಲ್ಲ ಎಂದು ಪ್ರಕರಣಗಳನ್ನು ಕೈಬಿಟ್ಟರು. 2002ರಲ್ಲಿ ಆತ ಅತ್ತೆಯನ್ನು ಗುಂಡಿಟ್ಟು ಕೊಂದ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2009ರಲ್ಲಿ ಟರ್ಕಿಯನ್ನೇ ತಪ್ಪಿತಸ್ಥ ಎಂದಿತು. ದೂರು ವಾಪಸಾಯಿತೆಂದು ಅಧಿಕಾರಿಗಳು ಸುಮ್ಮನೆ ಕೂರುವಂತಿಲ್ಲ, ಏಕೆ ವಾಪಸು ಪಡೆದಳೆಂದು ನೋಡಬೇಕು ಎಂದಿತು. ರಾಜಿ ಪಂಚಾಯಿತಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ ನಮ್ಮ ಅಕ್ಕತಂಗಿಯರಿಗೆ ಈ ಒಂದು ಮಾತು ಎಷ್ಟು ಬೆಲೆಬಾಳುತ್ತದೆ ಯೋಚಿಸಿ.

ನಮ್ಮ ಕಡೆ ಇರುವುದು ಸಾರ್ಕ್. 1985ರಲ್ಲಿ ಢಾಕಾದಲ್ಲಿ ಹುಟ್ಟಿದ ಈ ಕೂಟದ ಎರಡನೇ ಶೃಂಗಸಭೆ 1986ರ ನವೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಕಠ್ಮಂಡುವಿನಲ್ಲಿ ಅದರ ಸಚಿವಾಲಯ ತೆರೆಯುವ ಒಪ್ಪಂದಕ್ಕೆ ಸಹಿ ಬಿದ್ದದ್ದೂ ಇಲ್ಲೇ. 1991ರಿಂದ 2000ದವರೆಗೆ ಹೆಣ್ಣುಮಗುವಿನ ದಶಕ ಎಂದು ಘೋಷಿಸಿದರು. 2002ರಲ್ಲಿ ಹೆಂಗಸರ, ಮಕ್ಕಳ ಮಾರಾಟ ತಡೆಯಲು ಒಪ್ಪಂದ ಮಾಡಿಕೊಂಡರು. ಆದರೆ ನೊಂದವಳು ಹೋಗಿ ತಟ್ಟಬಹುದಾದ ಒಂದು ಬಾಗಿಲನ್ನೂ ಇಡಲಿಲ್ಲ. ಎಲ್ಲ ದೇಶಗಳೂ ಒಪ್ಪಿದರೆ ಮಾತ್ರ ತೀರ್ಮಾನ, ತಕರಾರಿನ ವಿಷಯ ಎತ್ತುವಂತಿಲ್ಲ ಎಂದು ಅದರ ಸನ್ನದಿನಲ್ಲೇ ಬರೆದುಕೊಂಡಿದ್ದಾರೆ. 2014ರ ನಂತರ ಶೃಂಗಸಭೆಯೇ ನಡೆದಿಲ್ಲ. ಗಂಡಸರು ಮುನಿಸಿಕೊಂಡು ಮಾತುಬಿಟ್ಟ ಅಣ್ಣತಮ್ಮಂದಿರ ಮನೆಯ ಹಾಗಿದೆ.

ಹೆಂಗಸರು ಮಾತು ಬಿಟ್ಟಿಲ್ಲ. ವರದಕ್ಷಿಣೆಯ ಪಿಡುಗು ಬಾಂಗ್ಲಾದಲ್ಲೂ ಇದೆ, ಪಾಕಿಸ್ತಾನದಲ್ಲೂ ಇದೆ, ನೇಪಾಳದಲ್ಲೂ ಇದೆ. 1990ರ ದಶಕದ ಮೊದಲಲ್ಲಿ ಲಾಹೋರಿನಲ್ಲಿ ಸೇರಿ ‘ಮಹಿಳಾ ನ್ಯಾಯಾಲಯ’ ನಡೆಸಿದರು. 2009ರ ಜುಲೈನಲ್ಲಿ ಬೆಂಗಳೂರಿನಲ್ಲಿ ವರದಕ್ಷಿಣೆಯ ಮೇಲೆಯೇ ಅಂಥ ನ್ಯಾಯಾಲಯ ಕೂತಿತು. ಅದಕ್ಕೆ ಕಾನೂನಿನ ಅಧಿಕಾರ ಇರಲಿಲ್ಲ. ಠಾಣೆಯಲ್ಲಿ ಬಾಯಿ ಮುಚ್ಚಿಸಿಕೊಂಡವರು ಅಲ್ಲಿ ಸಾಕ್ಷಿ ನುಡಿದರು. 2000ದಲ್ಲಿ ರಾಜಸ್ಥಾನದ ನೀಮ್ರಾಣಾದಲ್ಲಿ ಈ ಎಲ್ಲ ದೇಶಗಳ ಜನ ಕೂಡಿ ಮಾನವ ಹಕ್ಕುಗಳಿಗಾಗಿ ದಕ್ಷಿಣ ಏಷ್ಯಾದ ವೇದಿಕೆ ಕಟ್ಟಿದರು. ಪಾಕಿಸ್ತಾನದ ವಕೀಲೆ ಅಸ್ಮಾ ಜಹಾಂಗೀರ್ ಅದರ ಸ್ಥಾಪಕರಲ್ಲಿ ಒಬ್ಬರು. ಅವರು 2018ರಲ್ಲಿ ತೀರಿಕೊಂಡರು. ನಮ್ಮ ಪ್ರದೇಶಕ್ಕೂ ಒಂದು ಮಾನವ ಹಕ್ಕುಗಳ ಸಂಸ್ಥೆ ಬೇಕೆಂಬ ಬೇಡಿಕೆ ಇನ್ನೂ ಜೀವಂತವಾಗಿದೆ. ಬೇಡಿಕೆಯಲ್ಲಿ ಒಂದು ಎಚ್ಚರ ಬೇಕು. ಆಗ್ನೇಯ ಏಷ್ಯಾದ ದೇಶಗಳು 2009ರಲ್ಲಿ ಒಂದು ಆಯೋಗ ಮಾಡಿಕೊಂಡವು. ಒಬ್ಬ ಹೆಂಗಸಿನ ದೂರನ್ನು ವಿಚಾರಣೆ ಮಾಡಿ ತೀರ್ಪು ಕೊಡುವ ಅಧಿಕಾರವೇ ಅದಕ್ಕಿಲ್ಲ. ಅಂಥ ಹಲ್ಲಿಲ್ಲದ ಆಯೋಗ ನಮಗೆ ಬೇಡ.

ಅದಕ್ಕಿಂತ ಬೇಗ ಆಗಬಹುದಾದ ಕೆಲಸವೂ ಒಂದಿದೆ. ಮಹಿಳೆಯರ ವಿರುದ್ಧದ ತಾರತಮ್ಯ ಅಳಿಸುವ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 1993ರಲ್ಲಿ ಒಪ್ಪಿತು. ಅದಕ್ಕೆ 1999ರಲ್ಲಿ ಸೇರಿಸಿದ ಐಚ್ಛಿಕ ಒಪ್ಪಂದಕ್ಕೆ ಸಹಿ ಹಾಕಿದ ದೇಶದ ಹೆಂಗಸು, ತನ್ನ ದೇಶದಲ್ಲಿ ನ್ಯಾಯ ಸಿಗದಿದ್ದರೆ ವಿಶ್ವಸಂಸ್ಥೆಯ ಸಮಿತಿಗೆ ದೂರು ಕೊಡಬಹುದು. ಬಾಂಗ್ಲಾ, ಶ್ರೀಲಂಕಾ, ನೇಪಾಳ, ಮಾಲ್ಡೀವ್ಸ್ ಸೇರಿವೆ. ಭಾರತ ಸೇರಿಲ್ಲ. ನೇಪಾಳದ ಹೆಣ್ಣುಮಗಳಿಗೆ ತೆರೆದಿರುವ ಬಾಗಿಲು ತುರುವೇಕೆರೆಯವಳಿಗೆ ಮುಚ್ಚಿದೆ.

ಇಷ್ಟು ದೊಡ್ಡ ವಿಷಯಕ್ಕೂ ನಮ್ಮ ಉಳಿತಾಯದ ಸಂಘಕ್ಕೂ ಏನು ಸಂಬಂಧ ಎನ್ನುವವರಿದ್ದಾರೆ. ಕೊಬ್ಬರಿ ಬೆಲೆ ಬಿದ್ದಾಗ ನಮ್ಮ ರೈತರು ತಿಪಟೂರಿನ ಎ.ಪಿ.ಎಂ.ಸಿ. ಮುಂದೆ ಧರಣಿ ಕೂತು ಬೆಂಬಲ ಬೆಲೆ ಕೇಳುವುದು ಯಾರನ್ನು? ದೆಹಲಿಯನ್ನು. 2024ರ ಹಂಗಾಮಿನಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ಗೊತ್ತುಮಾಡಿದ್ದೂ ದೆಹಲಿಯೇ. ‘ದೆಹಲಿ ನಮಗೆ ದೂರ’ ಎಂದು ಆಗ ಯಾರೂ ಹೇಳಲಿಲ್ಲ.

ಆದ್ದರಿಂದ ಮುಂದಿನ ಸಭೆಯಲ್ಲಿ ಸಾಲದ ಕಂತು ಕಟ್ಟಿಸಿಕೊಂಡ ಮೇಲೆ ನಡಾವಳಿ ಪುಸ್ತಕದಲ್ಲಿ ಒಂದು ನಿರ್ಣಯ ಬರೆಯಿರಿ. ಐಚ್ಛಿಕ ಒಪ್ಪಂದಕ್ಕೆ ಭಾರತ ಸಹಿ ಹಾಕಬೇಕು, ಹೆಂಗಸಿನ ದೂರು ವಿಚಾರಿಸುವ ಅಧಿಕಾರವಿರುವ ದಕ್ಷಿಣ ಏಷ್ಯಾದ ಮಾನವ ಹಕ್ಕುಗಳ ಆಯೋಗ ಆಗಬೇಕು ಎಂಬ ಎರಡೇ ಬೇಡಿಕೆ ಸಾಕು. ಮೂರು ತಾಲ್ಲೂಕುಗಳೂ ತುಮಕೂರು ಲೋಕಸಭಾ ಕ್ಷೇತ್ರದಲ್ಲಿವೆ. ನಿರ್ಣಯದ ಪ್ರತಿಯನ್ನು ನಮ್ಮ ಸಂಸದರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಅದೇ ಪುಸ್ತಕದಲ್ಲಿ ಇನ್ನೊಂದು ಪುಟ ತೆಗೆದಿಡಿ. ನಿಮ್ಮಲ್ಲಿ ಯಾರಾದರೂ ಠಾಣೆಗೆ ಹೋಗಿ ದೂರಿಲ್ಲದೆ ವಾಪಸು ಬಂದರೆ ಅಂದಿನ ತಾರೀಖು, ಹೊತ್ತು, ಅಲ್ಲಿ ಹೇಳಿದ ಮಾತು, ಹಿಂಬರಹ ಕೊಟ್ಟರೋ ಇಲ್ಲವೋ ಎಂಬುದನ್ನು ಅವತ್ತೇ ಬರೆದು, ಜೊತೆಗೆ ಹೋದವರು ಸಹಿ ಹಾಕಿ. ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ, ರಸೀದಿಯನ್ನು ಆ ಪುಟಕ್ಕೆ ಅಂಟಿಸಿ. ರಾಜ್ಯದ ಆಯೋಗಕ್ಕೆ ಹೋಗುವಾಗ ಅದೇ ನಿಮ್ಮ ಸಾಕ್ಷಿ. ನಿರ್ಣಯದ ಒಂದು ಪ್ರತಿ ನಮಗೂ ಬರಲಿ. ಮುಂದಿನ ಸಂಚಿಕೆಯಲ್ಲಿ ಸಂಘದ ಮತ್ತು ಊರಿನ ಹೆಸರು ಹಾಕುತ್ತೇವೆ. ನೊಂದವರ ಹೆಸರು ಹಾಕುವುದಿಲ್ಲ.