ಅಮ್ಮನೆಂಬ ಕರೆ

ಕಳೆದ ತಿಂಗಳು ಬಂಧುಗಳ ಮನೆಯಲ್ಲಿ ಒಂದು ನಾಮಕರಣ. ಊಟ ಮುಗಿದು ಎಲ್ಲರೂ ಎಲೆಯಡಕೆಯ ತಟ್ಟೆಯ ಸುತ್ತ ಕುಳಿತಿದ್ದಾಗ, ನಾಲ್ಕು ವರ್ಷದ ಹುಡುಗಿಯೊಬ್ಬಳು “ಮಮ್ಮೀ” ಎಂದು ಕೂಗುತ್ತ ಓಡಿಬಂದು ತಾಯಿಯ ಮಡಿಲನ್ನು ಸೇರಿದಳು. ಹಿರಿಯರೊಬ್ಬರಿಗೆ ಅಷ್ಟೇ ಸಾಕಾಯಿತು. “ಮಮ್ಮಿಯೆಂದರೆ ಈಜಿಪ್ಟಿನಲ್ಲಿ ಬಟ್ಟೆ ಸುತ್ತಿಟ್ಟ ಹೆಣ. ಹೆತ್ತವಳನ್ನು ಹೆಣವೆಂದು ಕರೆಯುವ ಕಾಲ ಬಂತೆ?” ಎಂದರು. ನೆರೆದವರು ನಕ್ಕರು. ಆ ತಾಯಿ ಮಾತ್ರ ನಗಲಿಲ್ಲ. “ನಾನು ಹೇಳಿಕೊಟ್ಟದ್ದಲ್ಲ ದೊಡ್ಡಪ್ಪ, ಶಾಲೆಯಿಂದ ಕಲಿತು ಬಂದಳು” ಎಂದು ತಲೆ ತಗ್ಗಿಸಿದವಳು, ನಮ್ಮತ್ತ ತಿರುಗಿ, “ಪತ್ರಿಕೆಗೆ ಬರೆಯುವವರು ನೀವು, ನೀವೇ ಹೇಳಿ. ಇದರಲ್ಲಿ ನನ್ನ ತಪ್ಪೇನು?” ಎಂದು ಕೇಳಿದಳು. ಬಾಯಲ್ಲಿ ವೀಳ್ಯವಿದ್ದುದನ್ನೇ ನೆವಮಾಡಿಕೊಂಡು ನಾವು ಆಗ ತಪ್ಪಿಸಿಕೊಂಡೆವು. ಆದರೆ ಉತ್ತರ ಕೊಡದೆ ಉಳಿಸಿಕೊಂಡ ಪ್ರಶ್ನೆಯೂ ಒಂದು ಸಾಲವೇ. ಈ ತಿಂಗಳು ಅದನ್ನು ತೀರಿಸಲು ಯತ್ನಿಸುವೆವು.

ಮೊದಲು ಹೆಣದ ಮಾತನ್ನು ಮುಗಿಸಿಬಿಡೋಣ. ಪಾರಸಿ ಭಾಷೆಯಲ್ಲಿ ಮೇಣಕ್ಕೆ ‘ಮೂಮ್’ ಎಂದು ಹೆಸರು. ಅದರಿಂದ ಹುಟ್ಟಿದ ‘ಮೂಮಿಯಾ’ ಎಂಬ ಶಬ್ದವು ಡಾಂಬರಿನಂಥ ಒಂದು ಕಪ್ಪು ಅಂಟಿಗೆ ಹೆಸರಾಗಿ, ಅರಬ್ಬಿ ಮತ್ತು ಲ್ಯಾಟಿನ್ ಭಾಷೆಗಳನ್ನು ಹಾದು ಇಂಗ್ಲಿಷಿಗೆ ಬಂದಿತು. ಈಜಿಪ್ಟಿನ ಶವಗಳಿಗೆ ಆ ಹೆಸರು ಬಂದದ್ದು ಹೀಗೆ. ತಾಯಿಯನ್ನು ಕರೆಯುವ ಮಮ್ಮಿಗೂ ಅದಕ್ಕೂ ಯಾವ ನಂಟೂ ಇಲ್ಲ. ನಮ್ಮಲ್ಲಿಯೂ ‘ಅರಸು’ ಎಂದರೆ ದೊರೆಯೂ ಹೌದು, ಹುಡುಕುವುದೂ ಹೌದು. ಆದಕಾರಣ ದೊರೆಗಳೆಲ್ಲ ಏನನ್ನೋ ಕಳೆದುಕೊಂಡವರೆಂದು ಯಾರೂ ಹೇಳುವುದಿಲ್ಲವಷ್ಟೆ. ಆ ಹಿರಿಯರ ಕಳವಳವು ನಿಜವಾದದ್ದೇ ಇರಬಹುದು. ಅವರು ಕೊಟ್ಟ ಕಾರಣ ಮಾತ್ರ ನಿಲ್ಲುವಂಥದಲ್ಲ.

ಹಾಗಾದರೆ ಈ ಮಮ್ಮಿ ಎಲ್ಲಿಯದು? ಇಂಗ್ಲಿಷರದೆಂದು ನಾವು ತಿಳಿದಿರುತ್ತೇವೆ. ಆದರೆ ಲೋಕವನ್ನು ಒಮ್ಮೆ ಸುತ್ತಿಬಂದರೆ, ಆ ದನಿ ಒಬ್ಬರ ಸೊತ್ತಲ್ಲವೆಂಬುದು ಮನಸ್ಸಿಗೆ ಬರುವುದು. ಚೀನದ ಮಗು ‘ಮಾಮ’ ಎನ್ನುತ್ತದೆ. ಪೂರ್ವ ಆಫ್ರಿಕದ ಸ್ವಾಹಿಲಿಯಲ್ಲಿಯೂ ತಾಯಿ ‘ಮಾಮ’ಳೇ, ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಕೆಚುವಾ ಜನರಲ್ಲಿಯೂ ‘ಮಾಮ’ಳೇ. ವೇಲ್ಸಿನವರು ‘ಮಾಮ್’ ಎನ್ನುವರು. ಸ್ಪೇನ್ ಫ್ರಾನ್ಸ್‌ಗಳ ಗಡಿಯಲ್ಲಿರುವ ಬಾಸ್ಕ್ ಜನರು ‘ಅಮ’ ಎನ್ನುವರು. ಕೊರಿಯದಲ್ಲಿ ‘ಒಮ್ಮ’, ಹೀಬ್ರೂವಿನಲ್ಲಿ ‘ಇಮಾ’, ಅರಬ್ಬಿಯಲ್ಲಿ ‘ಉಮ್ಮ್’. ಉತ್ತರ ಅಮೆರಿಕದ ನವಾಹೋ ಜನರು ನನ್ನ ತಾಯಿ ಎನ್ನಲು ‘ಷಿಮಾ’ ಎನ್ನುವರು. ಮಕಾರವಿಲ್ಲದೆಡೆಯಲ್ಲಿ ಅದರ ತಂಗಿಯಾದ ನಕಾರವು ಇರುವುದುಂಟು: ತುರ್ಕಿಯಲ್ಲಿ ‘ಅನ್ನೆ’, ಹಂಗೇರಿಯಲ್ಲಿ ‘ಅನ್ಯ’, ಹಿಮದ ನಾಡಾದ ಗ್ರೀನ್‌ಲೆಂಡಿನಲ್ಲಿ ‘ಅನಾನ’.

ಸಂಸ್ಕೃತದ ಮಾತೃ, ಪಾರಸಿಯ ಮಾದರ್, ಲ್ಯಾಟಿನ್ನಿನ ಮಾತೆರ್, ಇಂಗ್ಲಿಷಿನ ಮದರ್ ಇವು ಒಂದೇ ಮನೆತನದವು. ಅವುಗಳ ಹೋಲಿಕೆಯಲ್ಲಿ ಆಶ್ಚರ್ಯವಿಲ್ಲ. ಆದರೆ ಬಾಸ್ಕ್ ಭಾಷೆಗೂ ಕೆಚುವಾ ಭಾಷೆಗೂ, ಚೀನೀ ಭಾಷೆಗೂ ನಮ್ಮ ಕನ್ನಡಕ್ಕೂ ಯಾವ ರಕ್ತಸಂಬಂಧವೂ ಕಂಡುಬಂದಿಲ್ಲ. ಒಬ್ಬರಿಂದ ಒಬ್ಬರು ಕಡ ತಂದರೆನ್ನಲು ನಡುವೆ ಸಮುದ್ರಗಳಿವೆ. ಆದರೂ ಮಕ್ಕಳು ಹೀಗೆ ಒಂದೇ ಬಗೆಯಾಗಿ ಕೂಗುವುದೇಕೆ?

ಅಮೆರಿಕದ ಜಾರ್ಜ್ ಪೀಟರ್ ಮರ್ಡಾಕ್ ಎಂಬ ಮಾನವಶಾಸ್ತ್ರಜ್ಞರು ಲೋಕದ ಹಲವು ಭಾಷೆಗಳಿಂದ ತಾಯಿತಂದೆಯರನ್ನು ಸೂಚಿಸುವ 1,072 ಶಬ್ದಗಳನ್ನು ಕೂಡಿಹಾಕಿದರು. ಅವುಗಳಲ್ಲಿ ತಾಯಿಯ ಹೆಸರುಗಳು 531, ತಂದೆಯವು 541. ರಷ್ಯದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಭಾಷಾವಿದ್ವಾಂಸ ರೋಮನ್ ಯಾಕೊಬ್ಸನ್ನರು ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಬರೆದ ಲೇಖನವು 1960ರಲ್ಲಿ ಪ್ರಕಟವಾಯಿತು. ತಾಯಿಯ ಹೆಸರುಗಳಲ್ಲಿ ನೂರಕ್ಕೆ 55ರಲ್ಲಿ ಮ, ನ ಮೊದಲಾದ ಅನುನಾಸಿಕಗಳಿವೆ. ತಂದೆಯ ಹೆಸರುಗಳಲ್ಲಿ ನೂರಕ್ಕೆ 15ರಲ್ಲಿ ಮಾತ್ರ. ಇದಕ್ಕೆ ಅವರು ಕೊಟ್ಟ ಕಾರಣವನ್ನು ಯಾವ ತಾಯಿಯೂ ತನ್ನ ಮಡಿಲಲ್ಲಿಯೇ ಪರೀಕ್ಷಿಸಬಹುದು. ಮೊಲೆಯುಣ್ಣುವ ಕೂಸಿನ ತುಟಿಗಳು ಮುಚ್ಚಿರುತ್ತವೆ. ಉಸಿರಿಗೆ ಮೂಗೊಂದೇ ದಾರಿ. ಆಗ ಅದು ಸಂತೋಷದಿಂದ ದನಿಮಾಡಿದರೆ ‘ಮ್’ ಎಂದಲ್ಲದೆ ಬೇರೆ ದನಿ ಹೊರಡಲಾರದು. ಕೆಲವು ಕಾಲದ ಮೇಲೆ, ಹಾಲನ್ನೋ ಹಾಲೂಡುವವಳನ್ನೋ ಕಂಡಕೂಡಲೆ ಅದೇ ದನಿಯನ್ನು ಮಾಡುತ್ತದೆ. ಕೊನೆಗೆ ಅವಳು ಕಣ್ಮರೆಯಾದಾಗ, ಹಸಿವಾದಾಗ, ಬೇಕೆನಿಸಿದಾಗಲೆಲ್ಲ ಅದೇ ಕೂಗು. ಮೂಗನ್ನು ಬೆರಳಿನಿಂದ ಒತ್ತಿ ಹಿಡಿದು ‘ಅಮ್ಮ’ ಎಂದು ನೋಡಿರಿ, ಅದು ‘ಅಬ್ಬ’ ಆಗಿಬಿಡುವುದು. ಆ ಶಬ್ದದ ಜೀವ ಮೂಗಿನ ಉಸಿರಿನಲ್ಲಿದೆಯೆಂಬುದಕ್ಕೆ ಇಷ್ಟು ಸಾಕು.

ಇಲ್ಲಿಗೇ ನಿಲ್ಲಿಸಿದರೆ, ತಾಯಿಯ ಹೆಸರನ್ನು ಪ್ರಕೃತಿಯೇ ಮಗುವಿನ ಬಾಯಲ್ಲಿಟ್ಟು ಕಳುಹಿಸುತ್ತದೆಯೆಂದು ಹೇಳಬೇಕಾಗುವುದು. ಆದರೆ ನಮ್ಮ ಕರಾವಳಿಗೆ ಹೋದರೆ ಬೇರೊಂದು ಸಂಗತಿ ಕಾಣುವುದು. ತುಳುವಿನಲ್ಲಿ ತಾಯಿಗೆ ‘ಅಪ್ಪೆ’ ಎಂದು ಹೆಸರು, ತಂದೆಗೆ ‘ಅಮ್ಮೆ’ ಎಂದು ಹೆಸರು! ಘಟ್ಟದ ಮೇಲಿನವನೊಬ್ಬನು ಇದನ್ನು ಮೊದಲು ಕೇಳಿದಾಗ ತನ್ನ ಕಿವಿಯನ್ನೇ ನಂಬಲಾರನು. ತುಳುವರಿಗೆ ಮಾತೃಭಾಷೆಯೆಂದರೆ ‘ಅಪ್ಪೆ ಭಾಷೆ’. ಈಗ ಅನೇಕ ತುಳು ಮನೆಗಳಲ್ಲಿ ಅಮ್ಮ, ಅಪ್ಪ ಎಂದು ಕರೆಯುವ ವಾಡಿಕೆ ಬಂದಿದೆಯಾದರೂ ಹಳೆಯ ಮಾತು ಅಳಿದಿಲ್ಲ.

ಇಂಥ ಅದಲುಬದಲು ತುಳುನಾಡಿನಲ್ಲಿ ಮಾತ್ರವೇ ಅಲ್ಲ. ಕಪ್ಪು ಸಮುದ್ರದ ಪೂರ್ವದಲ್ಲಿರುವ ಜಾರ್ಜಿಯ ದೇಶದಲ್ಲಿ ‘ಮಾಮ’ ಎಂದರೆ ತಂದೆ, ‘ದೆದ’ ಎಂದರೆ ತಾಯಿ. ಆ ಜನರು ರಾಜಧಾನಿಯನ್ನು ‘ತಾಯಿನಗರ’ವೆಂಬ ಅರ್ಥ ಬರುವಂತೆ ‘ದೆದಕಲಾಕಿ’ ಎನ್ನುವರು. ಯಾಕೊಬ್ ಗೊಗೆಬಷ್ವಿಲಿ ಎಂಬ ವಿದ್ಯಾಗುರುಗಳು 1876ರಲ್ಲಿ ಅಲ್ಲಿನ ಮಕ್ಕಳಿಗಾಗಿ ಪ್ರಕಟಿಸಿದ ಪ್ರಸಿದ್ಧ ಬಾಲಬೋಧೆಯ ಹೆಸರು ‘ದೆದ ಎನ’, ಎಂದರೆ ತಾಯ್ನುಡಿ. ಆಸ್ಟ್ರೇಲಿಯದ ನಡುನಾಡಿನ ಪಿಟ್ಜಂಟ್ಜಾಟ್ಜರ ಜನರಲ್ಲಿಯೂ ‘ಮಾಮ’ ಎಂದರೆ ತಂದೆಯೇ. ನಮ್ಮಲ್ಲಿಯೋ, ಮಾಮನೆಂದರೆ ತಾಯಿಯ ಒಡಹುಟ್ಟಿದವನು.

ಕಾಲವೂ ಮಾತನ್ನು ತಿದ್ದುತ್ತದೆ. ಜಪಾನಿನವರು ತಮ್ಮ ತಾಯಿಯನ್ನು ಕುರಿತು ಹೊರಗಿನವರೊಡನೆ ಮಾತನಾಡುವಾಗ ‘ಹಹ’ ಎನ್ನುವರು, ತಂದೆಯನ್ನು ‘ಚಿಚಿ’ ಎನ್ನುವರು. ಎರಡರಲ್ಲಿಯೂ ತುಟಿ ತುಟಿಗೆ ತಾಗುವುದಿಲ್ಲ. ಆದರೆ 1516ರ ಒಂದು ಜಪಾನೀ ಒಗಟಿನ ಸಂಗ್ರಹದಲ್ಲಿ, ತಾಯಿಗಾಗಿ ಎರಡು ಸಲ ಕೂಡುವುದೂ ತಂದೆಗಾಗಿ ಒಮ್ಮೆಯೂ ಕೂಡದಿರುವುದೂ ಏನೆಂಬ ಪ್ರಶ್ನೆಯಿದೆ. ತುಟಿಗಳೆಂಬುದು ಅದರ ಉತ್ತರ. ಆ ಕಾಲದಲ್ಲಿ ‘ಹಹ’ವು ‘ಫಫ’ದಂತೆ ಕೇಳುತ್ತಿತ್ತು. ಮಾತು ಸವೆದು ತುಟಿಗಳು ಅಗಲಿದವು; ಒಗಟಿನಲ್ಲಿ ಮಾತ್ರ ಅವು ಕೂಡಿಯೇ ಇವೆ.

ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನಮಗೆ ತೋರುವುದಿಷ್ಟು. ಕೂಸು ದನಿಮಾಡುತ್ತದೆ; ಆ ದನಿಗೆ ತಾಯಿಯೆಂಬ ಅರ್ಥವು ಹುಟ್ಟಿನೊಡನೆ ಬಂದುದಲ್ಲ. ಅದನ್ನು ಕೇಳಿ, “ನನ್ನನ್ನೇ ಕರೆಯಿತು” ಎಂದು ಯಾರು ಕೈಕೆಲಸ ಬಿಟ್ಟು ಬರುವರೋ ಅವರ ಹೆಸರಾಗಿ ಅದು ನಿಲ್ಲುತ್ತದೆ. ಯಾವ ದನಿಯನ್ನು ಯಾರಿಗೆ ಕೊಡಬೇಕೆಂಬುದನ್ನು ಗೊತ್ತುಮಾಡುವುದು ಮನೆಯ ಹಿರಿಯರ ವಾಡಿಕೆ.

ಇದನ್ನು ನಾವು ಪುಸ್ತಕದಿಂದ ಮಾತ್ರ ಕಲಿತವರಲ್ಲ. ನಮ್ಮ ಬಾಲ್ಯವು ತಾಯಿಯ ತವರಿನಲ್ಲಿ ಕಳೆಯಿತು. ಆಕೆ ಐವರು ಒಡಹುಟ್ಟಿದವರಲ್ಲಿ ಹಿರಿಯಳು. ಮಾವಂದಿರೂ ಚಿಕ್ಕಮ್ಮಂದಿರೂ ದಿನಕ್ಕೆ ನೂರು ಬಾರಿ “ಅಕ್ಕಾ” ಎಂದು ಕೂಗುವರು. ಅವರೆಲ್ಲ ಅಜ್ಜಿಯನ್ನು “ಅಮ್ಮಾ” ಎಂದು ಕೂಗುವರು. ನಾವೂ ಹಾಗೆಯೇ ಕಲಿತೆವು. ಹೆತ್ತವಳು ನಮಗೆ ಅಕ್ಕ, ಅಜ್ಜಿಯೇ ಅಮ್ಮ. ಕೂಡುಕುಟುಂಬಗಳಲ್ಲಿ ಬೆಳೆದ ವಾಚಕರಿಗೆ ಇದು ಹೊಸತಲ್ಲ. ತಾಯಿಯನ್ನು ಅತ್ತಿಗೆಯೆಂದೋ ವೈನಿಯೆಂದೋ ಕರೆದು ಬೆಳೆದವರು ಎಷ್ಟೋ ಮಂದಿ. ನಮ್ಮ ತಾಯಿ ಒಮ್ಮೆಯೂ ತಿದ್ದಲಿಲ್ಲ. ಒಂದು ರಾತ್ರಿ ಜ್ವರದಲ್ಲಿ ನಾವು “ಅಮ್ಮಾ” ಎಂದು ನರಳಿದೆವಂತೆ. ಅಜ್ಜಿ ಎದ್ದು ಬಂದು ತಲೆ ನೇವರಿಸಿದಳು. ನಮ್ಮ ತಾಯಿ ನೀರಿನ ತಂಬಿಗೆಯನ್ನು ಹಿಡಿದು ಬಾಗಿಲಲ್ಲಿಯೇ ನಿಂತಿದ್ದಳೆಂದು ಚಿಕ್ಕಮ್ಮನವರು ಬಹಳ ವರ್ಷಗಳ ಮೇಲೆ ಹೇಳಿದರು.

ಆ ಮಾತು ನಮ್ಮ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. ಅಜ್ಜಿ ತೀರಿಕೊಂಡ ಮೇಲೆ ಒಂದು ದಿನ ಧೈರ್ಯಮಾಡಿ ನಮ್ಮ ತಾಯಿಯನ್ನು “ಅಮ್ಮ” ಎಂದು ಕರೆದೆವು. ನಾಲಿಗೆ ತೊಡರಿತು. ಆಕೆ ಸೊಪ್ಪು ಸೋಸುತ್ತಿದ್ದವಳು ತಲೆಯೆತ್ತಿ, “ಯಾರನ್ನು ಕರೆದೆ?” ಎಂದಳು. ಬಳಿಕ ನಕ್ಕು, “ಇಷ್ಟು ದಿನ ಇಲ್ಲದ್ದು ಈಗೇಕೆ ಮಗು? ಅಕ್ಕ ಅಂತಲೇ ಕರಿ. ನಿನ್ನ ಕೂಗು ನನಗೆ ಗೊತ್ತು” ಎಂದಳು. ಮತ್ತೆ ನಾವು ಬದಲಿಸಲಿಲ್ಲ.

ಆಕೆ ಹೋದ ಎಷ್ಟೋ ವರ್ಷಗಳ ಅನಂತರ ಸಂಸ್ಕೃತ ವ್ಯಾಕರಣವನ್ನು ತಿರುವಿಹಾಕುತ್ತಿದ್ದಾಗ ಒಂದು ಸೂತ್ರ ಕಣ್ಣಿಗೆ ಬಿತ್ತು. ‘ರಮಾ’ ಎಂಬವಳನ್ನು ಕರೆಯುವಾಗ ‘ರಮೇ’ ಎನ್ನಬೇಕು. ಆದರೆ ತಾಯಿಯೆಂಬ ಅರ್ಥವುಳ್ಳ ಶಬ್ದಗಳಿಗೆ ಪಾಣಿನಿಯು ಆ ನಿಯಮವನ್ನು ಬಿಟ್ಟು, ಕರೆಯುವಾಗ ಕೊನೆಯ ದೀರ್ಘವನ್ನು ಹ್ರಸ್ವಮಾಡಬೇಕೆಂದು ವಿಧಿಸಿದ್ದಾನೆ: ‘ಅಂಬಾ’ ಎಂಬುದು ‘ಅಂಬ’ ಎಂದಾಗುವುದು. ವ್ಯಾಖ್ಯಾನಕಾರರು ಅದರ ಜೊತೆಗೇ ಕೊಡುವ ಇನ್ನೊಂದು ಉದಾಹರಣೆ ‘ಅಕ್ಕ’. ಸಂಸ್ಕೃತದಲ್ಲಿ ಅಕ್ಕಾ ಎಂದರೆ ತಾಯಿ! ಇತ್ತ ಯೂರೋಪಿನ ಅಲ್ಬೇನಿಯದಲ್ಲಿ, ಮಾತೃಶಬ್ದದ ಮನೆತನದಲ್ಲಿಯೇ ಹುಟ್ಟಿದ ‘ಮೋತರ್’ ಎಂಬ ಮಾತಿಗೆ ಇಂದು ಅಕ್ಕತಂಗಿಯೆಂದು ಅರ್ಥ. ಅಕ್ಕನ ಹೆಸರು ತಾಯಿಗೆ, ತಾಯಿಯ ಹೆಸರು ಅಕ್ಕನಿಗೆ. ನಮ್ಮ ಮನೆಯಲ್ಲಿ ನಡೆದದ್ದು ಲೋಕಕ್ಕೆ ಹೊರತಾದದ್ದಲ್ಲವೆಂದು ಸಮಾಧಾನವಾಯಿತು. ಅದನ್ನು ಓಡಿಹೋಗಿ ಹೇಳೋಣವೆಂದರೆ ಕೇಳುವವಳು ಇರಲಿಲ್ಲ.

ಈಗ ನಾಮಕರಣದ ಮನೆಯ ಸೋದರಿಗೆ ನಮ್ಮ ಉತ್ತರ. ತಂಗಿ, ನಿನ್ನ ತಪ್ಪೇನೂ ಇಲ್ಲ, ಕೂಸಿನ ತಪ್ಪಂತೂ ಅಲ್ಲವೇ ಅಲ್ಲ. ಕೂಗುವುದು ನಿನ್ನನ್ನೇ ಎಂಬಲ್ಲಿ ಅದಕ್ಕೆ ಸಂಶಯವಿಲ್ಲ. ಆದರೆ ಮನೆಯ ಮಾತು ಉಳಿಯಬೇಕೆಂಬ ಆಸೆ ನಿನಗಿದ್ದರೆ ಅದಕ್ಕೆ ದಾರಿ ಸುಲಭವಾಗಿದೆ. ಮಗು ತಾನು ಕೇಳಿದ ಹೆಸರನ್ನು ಹಿಡಿಯುತ್ತದೆ. ಹೇಳಿಕೊಟ್ಟ ಹೆಸರನ್ನೇ ಹಿಡಿಯುವುದೆಂದಿಲ್ಲ. ನಿನ್ನ ಗಂಡನೂ ಅತ್ತೆಮಾವಂದಿರೂ ನಿನ್ನನ್ನು ಅದರ ಮುಂದೆ ಹೆಸರಿಸುವಾಗ “ಅಮ್ಮನನ್ನು ಕೇಳು”, “ಅಮ್ಮನಿಗೆ ಕೊಡು” ಎಂದು ಹೇಳುತ್ತ ಬರಲಿ. ನಗೆಯಾಡಿ ತಿದ್ದಿದರೆ ಮಗುವಿಗೆ ಉಳಿಯುವುದು ನಾಚಿಕೆ ಮಾತ್ರ.

ಹಿರಿಯರಲ್ಲಿಯೂ ಒಂದು ವಿನಂತಿ. ಮಮ್ಮಿಯನ್ನು ಹಳಿಯುವ ನಾವು, ನಮ್ಮವೇ ಆದ ಬೇರೆ ಕರೆಗಳನ್ನು ಕಾಪಾಡಿಕೊಂಡಿದ್ದೇವೆಯೇ? ಉತ್ತರ ಕರ್ನಾಟಕದ ಹೊಲಮನೆಗಳಲ್ಲಿಯೂ ಕೊಡಗಿನಲ್ಲಿಯೂ ‘ಅವ್ವ’ ಇದ್ದಾಳೆ, ಹವ್ಯಕರ ಮನೆಗಳಲ್ಲಿ ‘ಆಯಿ’ಯೂ ‘ಅಬ್ಬೆ’ಯೂ ಇದ್ದಾರೆ, ಬ್ಯಾರಿಗಳಲ್ಲಿ ‘ಉಮ್ಮ’ ಇದ್ದಾಳೆ. ಪಟ್ಟಣಕ್ಕೆ ಓದಲು ಬಂದ ಹುಡುಗನೊಬ್ಬನು, ಊರಿನಿಂದ ಕಾಣಲು ಬಂದ ತಾಯಿಯನ್ನು ಗೆಳೆಯರೆದುರಿಗೆ “ಅವ್ವಾ” ಎನ್ನಲು ನಾಚಿ, “ಅಮ್ಮ” ಎಂದುದನ್ನು ನಾವು ಕಂಡಿದ್ದೇವೆ. ಕನ್ನಡವನ್ನೇ ಆಡಿದ್ದರಿಂದ ಯಾರೂ ಅವನನ್ನು ಆಕ್ಷೇಪಿಸಲಿಲ್ಲ. ಆದರೆ ಆ ತಾಯಿ ತನ್ನ ಮಗನು ಯಾರನ್ನು ಕರೆದನೆಂದು ಒಂದು ಗಳಿಗೆ ಹಿಂದಿರುಗಿ ನೋಡಿದಳು. ನಮಗೆ ಆ ಸೊಪ್ಪಿನ ಮೊರವೂ, ತಲೆಯೆತ್ತಿದ ಮುಖವೂ ನೆನಪಾದುವು.

ಯಾವ ಹೆಸರಾದರೂ ಆಗಲಿ, ಅದು ನಿಮ್ಮ ಮನೆಯಲ್ಲಿ ಬೆಳೆದುಬಂದದ್ದಾದರೆ ನಾಚದೆ ಕರೆಯಿರಿ, ಗಟ್ಟಿಯಾಗಿ ಕರೆಯಿರಿ. ಒಳಗಿನಿಂದ “ಓ” ಎನ್ನುವವರು ಇರುವವರೆಗೆ ಕರೆಯಿರಿ.